ಮುಳ್ಳಿಲಿ ಗೂಡಿನ ಸುತ್ತ ಇಲಿ ಕಾಟ: ಗುರುತು ಹಿಡಿದು ಸರಿಪಡಿಸುವ ಬಗೆ

"ಮುಳ್ಳಿಲಿಗೆ ಅಂತ ಕಲ್ಲಿನ ಗೂಡು ಮಾಡಿದೆ. ಈಗ ಇಲಿ ಜಾಸ್ತಿ ಆಗಿದೆ. ಕಿತ್ತು ಹಾಕ್ಲಾ?" ತಮಿಳುನಾಡಿನ ಹೊಸೂರು, ತಳಿ, ದೆಂಕಣಿಕೋಟೆ ಕಡೆ ತೋಟ ಇರುವವರು ಕೇಳುವ ಪ್ರಶ್ನೆ ಇದು. ಕೀಳಬೇಡಿ, ಸ್ವಲ್ಪ ತಡೆಯಿರಿ. ಇಲಿ ಬರುವುದು ಊಟ ಹುಡುಕಿಕೊಂಡು. ರಾತ್ರಿ ನಿಮ್ಮ ಅಂಗಳದಲ್ಲಿ ತಿನ್ನೋದಕ್ಕೆ ಏನು ಬಿದ್ದಿರುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಕಂಡ ಹಿಕ್ಕೆ, ಬಿಲ, ಸದ್ದು ಯಾರದು ಅಂತ ಸರಿಯಾಗಿ ಗುರುತಿಸಿದರೆ ಉಳಿದರ್ಧವೂ ಆಯಿತು. ಇವೆರಡನ್ನೂ ಬಿಟ್ಟು ನೇರ ಅಂಗಡಿಗೆ ಹೋಗಿ ವಿಷ ತಂದರೆ, ಇಲಿ ತಪ್ಪಿಸಿಕೊಂಡು ಮುಳ್ಳಿಲಿ ಸಾಯುವ ಅಪಾಯ ಇದೆ.

ನಾನು ಹೇಳುತ್ತಿರುವ ಮುಳ್ಳಿಲಿ ಅಂಗೈ ಮೇಲೆ ಕೂರುವಷ್ಟು ಪುಟ್ಟ ಪ್ರಾಣಿ. ತಮಿಳು ಮಾತಾಡುವ ಅಕ್ಕಪಕ್ಕದವರು ಮುಳ್ಳೆಲಿ ಅನ್ನುತ್ತಾರೆ. ಗೇಣುದ್ದದ ಕಪ್ಪು-ಬಿಳಿ ಮುಳ್ಳು ಇರುವ ಮುಳ್ಳುಹಂದಿ ಬೇರೆ, ಇದು ಬೇರೆ. ಮುಳ್ಳಿಲಿಯ ಮುಳ್ಳು ಬೆರಳಿನ ಒಂದು ಗೆಣ್ಣಿನಷ್ಟೂ ಇರುವುದಿಲ್ಲ. ಒಣ ಬಯಲು, ಕುರುಚಲು ಕಾಡು, ಹೊಲದ ಬದು, ಕತ್ತಾಳೆ ಬೇಲಿಯ ಬುಡ ಇದರ ಜಾಗ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಈ ಜಾತಿ ಇಲ್ಲ. ರಾತ್ರಿ ಹೊರಗೆ ಬಂದು ಗೆದ್ದಲು, ದುಂಬಿ, ಗೊಣ್ಣೆಹುಳು, ಚೇಳು ತಿನ್ನುತ್ತದೆ. ಹೆಸರಲ್ಲಿ ಇಲಿ ಇದ್ದರೂ ಇಲಿ ಕುಲದ್ದಲ್ಲ. ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಮುಳ್ಳಿಲಿಗೆ ಅಂಥ ಹಲ್ಲು ಇಲ್ಲ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನದು ಬಹಳ ಸುಲಭ.

ಕೈ ಹಾಕುವ ಮೊದಲು

ಗೂಡಿನೊಳಗೆ, ಬಿಲದೊಳಗೆ, ಕಲ್ಲಿನ ಸಂದಿಯೊಳಗೆ ಬರಿಗೈ ಹಾಕಲೇಬೇಡಿ. ಇಲಿ ಇರುವ ಕಡೆ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಬರುತ್ತವೆ. ಮುಳ್ಳಿಲಿಗೆ ಹಿಡಿಸುವ ತಂಪು ಜಾಗ ಚೇಳಿಗೂ ಹಿಡಿಸುತ್ತದೆ. ಟಾರ್ಚ್ ಬಿಟ್ಟು ನೋಡಿ. ಕಲ್ಲು ಎತ್ತುವುದಿದ್ದರೆ ಉದ್ದನೆ ಹಾರೆಯಿಂದ, ನಿಮ್ಮಿಂದ ಆಚೆಗಿರುವ ಅಂಚನ್ನು ಎತ್ತಿ. ನಿಮ್ಮ ಕಡೆಯ ಅಂಚನ್ನು ಎತ್ತಿದರೆ ಒಳಗಿದ್ದದ್ದು ನೇರ ಕಾಲಿನ ಮೇಲೆ ಬರುತ್ತದೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಇಲಿ ಹಿಕ್ಕೆಯನ್ನು ಒಣಗಿರುವಾಗ ಪೊರಕೆಯಿಂದ ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಕೊಂಡು ಬಳಿದು ತೆಗೆಯಿರಿ. ಮುಳ್ಳಿಲಿ ಓಡಾಡುವ ಗೂಡಿನೊಳಗೆ ಮಾತ್ರ ಬ್ಲೀಚಿಂಗ್ ಬೇಡ, ಬಿಸಿನೀರು ಸಾಕು. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯ ಇಟ್ಟುಕೊಂಡು ಕೆಸರಿಗೆ ಇಳಿದವರಿಗೆ ಅಪಾಯ ಜಾಸ್ತಿ. ಪೊದೆ ಸವರಿ ಒಂದೆರಡು ವಾರದೊಳಗೆ ಜ್ವರ ಬಂದು, ಕಂಕುಳಲ್ಲೋ ತೊಡೆಸಂದಿಯಲ್ಲೋ ಕಪ್ಪು ಹಕ್ಕಳೆಯಂಥ ಕಲೆ ಕಂಡರೆ ಅದು ಸ್ಕ್ರಬ್ ಟೈಫಸ್, ಅಂದರೆ ಪೊದೆಯ ಸಣ್ಣ ಹುಳ ಕಚ್ಚಿ ಬರುವ ಜ್ವರ ಇರಬಹುದು. ಡಾಕ್ಟರಿಗೆ "ಪೊದೆ ಸವರಿದ್ದೆ, ಇಲಿ ಇರುವ ಜಾಗ" ಅಂತ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ.

ಗೂಡಿನ ಹತ್ತಿರ ಹಿಕ್ಕೆ ಕಾಣುತ್ತಿದೆ

ಇದು ಖರ್ಚಿಲ್ಲದ ಪರೀಕ್ಷೆ, ಇಲ್ಲಿಂದಲೇ ಶುರು ಮಾಡಿ. ಒಂದು ಕಡ್ಡಿ ತಗೊಂಡು ಹಿಕ್ಕೆಯನ್ನು ಮುರಿಯಿರಿ. ಒಳಗೆ ದುಂಬಿಯ ರೆಕ್ಕೆಚಿಪ್ಪಿನ ಚೂರು ಬಿಸಿಲಿಗೆ ಮಿರಮಿರ ಹೊಳೆದರೆ ತಿಂದವರು ಹುಳ ತಿನ್ನುವವರು. ಮುಳ್ಳಿಲಿ ಹಿಕ್ಕೆ ಕಪ್ಪಗೆ, ಉದ್ದಕ್ಕೆ, ಒಂದೊಂದೇ ಅಲ್ಲಲ್ಲಿ ಬಿದ್ದಿರುತ್ತದೆ. ಆದರೆ ನೆಲಗಪ್ಪೆಯ ಹಿಕ್ಕೆಯೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ! ಕಪ್ಪೆಯ ಗಾತ್ರಕ್ಕೆ ಇಷ್ಟು ದಪ್ಪ ಇರೋದಕ್ಕೆ ಸಾಧ್ಯವಾ ಅನ್ನಿಸುತ್ತದೆ, ಆದರೂ ಅದರದ್ದೇ. ನಲ್ಲಿ ಬುಡ, ಬೀದಿ ದೀಪದ ಕೆಳಗೆ, ಬಾಗಿಲ ಮೆಟ್ಟಿಲ ಹತ್ತಿರ ಸಿಕ್ಕಿದರೆ ಕಪ್ಪೆ ಅಂತಲೇ ಮೊದಲು ಅಂದುಕೊಳ್ಳಿ. ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿ.

ಇಲಿಯದ್ದು ಒಂದರಿಂದ ಎರಡು ಸೆಂಟಿಮೀಟರ್, ಎರಡೂ ತುದಿ ಸಣ್ಣಗೆ, ಒಂದೇ ಕಡೆ ರಾಶಿ ರಾಶಿ. ಮುರಿದರೆ ಒಳಗೆ ಹಿಟ್ಟು ಹಿಟ್ಟು, ಕಾಳಿನ ಸಿಪ್ಪೆ. ಹೊಳಪು ಇರುವುದಿಲ್ಲ. ಹೆಗ್ಗಣದ್ದು ಇದಕ್ಕಿಂತ ದಪ್ಪ. ಗೋಡೆಯಂಚಿಗೆ ಸಾಲಾಗಿ ಬಿದ್ದಿದ್ದು, ಅದೇ ಅಂಚಿನಲ್ಲಿ ಎಣ್ಣೆ ಸವರಿದ ಹಾಗೆ ಕಪ್ಪು ಕಲೆ ಇದ್ದರೆ ಇಲಿ ದಿನಾ ಓಡಾಡುವ ದಾರಿ ಅದು.

ಸಂಜೆಯಾದರೆ ಗೋಡೆ ಬುಡದಲ್ಲಿ ಕೀಚ್ ಕೀಚ್ ಅನ್ನುತ್ತಾ ಓಡುವ, ಉದ್ದ ಮೂತಿಯ, ಕಸ್ತೂರಿ ನಾತದ ಪ್ರಾಣಿ ಇದೆಯಲ್ಲ, ಅದು ಸೊಂಡಿಲಿ. ಅದೂ ಹುಳ ತಿನ್ನುವುದೇ, ಮುಳ್ಳಿಲಿಗೆ ನೆಂಟ. ಜಿರಳೆ, ಹುಳ ಹುಪ್ಪಟೆ ತಿಂದು ನಮಗೆ ಉಪಕಾರ ಮಾಡುತ್ತದೆ. ಇಲಿ ಅಂತ ಬಡಿಯಬೇಡಿ.

ಹಿಕ್ಕೆ ಸಿಗುತ್ತಿಲ್ಲ, ಆದರೆ ಏನೋ ಓಡಾಡುತ್ತಿದೆ

ಗೂಡಿನ ಬಾಯಿ ಮುಂದೆ ಎರಡಡಿ ಅಗಲಕ್ಕೆ ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಹರಡಿ. ಒಲೆಯ ತಣ್ಣಗಾದ ಬೂದಿಯೂ ಆಗುತ್ತದೆ. ರಾಗಿ ಹಿಟ್ಟು, ರಂಗೋಲಿಗೆ ಬಳಸುವ ಅಕ್ಕಿ ಹಿಟ್ಟು ಹಾಕಬೇಡಿ, ಅದನ್ನೇ ತಿನ್ನೋದಕ್ಕೆ ಇಲಿ ಬರುತ್ತದೆ. ಬೆಳಗ್ಗೆ ಬಿಸಿಲು ಏರುವ ಮೊದಲು ಬಗ್ಗಿ ನೋಡಿ. ಓರೆ ಬೆಳಕಿನಲ್ಲಿ ಹೆಜ್ಜೆ ಚೆನ್ನಾಗಿ ಕಾಣುತ್ತದೆ. ಹೆಜ್ಜೆಗಳ ನಡುವೆ ಬಾಲ ಎಳೆದ ಸಣ್ಣ ಗೆರೆ ಇದ್ದರೆ ಇಲಿ. ಮುಳ್ಳಿಲಿ ಬಾಲ ಮೊಂಡು, ನೆಲಕ್ಕೆ ತಾಗುವುದೇ ಇಲ್ಲ. ಅದು ನಿಧಾನಕ್ಕೆ ಮೂಸುತ್ತಾ ಹೋಗುವುದರಿಂದ ಹೆಜ್ಜೆ ಹತ್ತಿರ ಹತ್ತಿರ ಇರುತ್ತದೆ. ಇಲಿ ನೆಗೆಯುತ್ತದೆ, ನಾಲ್ಕು ಗುರುತು ಒಟ್ಟಿಗೆ, ಆಮೇಲೆ ಖಾಲಿ, ಮತ್ತೆ ನಾಲ್ಕು.

ಸದ್ದೂ ಹೇಳುತ್ತದೆ. ಒಣ ಎಲೆಯಲ್ಲಿ ಸರಬರ, ಜೊತೆಗೆ ಮೂಗಿನಿಂದ ಸುಯ್ ಸುಯ್ ಅಂತ ಉಸಿರು ಬಿಡುತ್ತಿದ್ದರೆ ಮುಳ್ಳಿಲಿ. ಕಟಕಟ ಕಡಿಯುವ ಸದ್ದು, ಕಿರುಚಾಟ ಕೇಳಿದರೆ ಇಲಿ.

ಡ್ರಿಪ್ ಪೈಪು, ಕಡಲೆಕಾಯಿ, ತೆಂಗಿನಕಾಯಿ ಕಡಿದಿದೆ

ಮುಳ್ಳಿಲಿ ಇದನ್ನು ಮಾಡಿಲ್ಲ. ಪೈಪಿನ ಮೇಲೆ ಜೋಡಿ ಗೆರೆ, ಮರದ ಬಾಗಿಲ ಕೆಳಗೆ ಕೆತ್ತಿದ ತೂತು, ಎಳನೀರಿನ ತೊಟ್ಟಿನ ಹತ್ತಿರ ದುಂಡಗಿನ ತೂತು, ಎಲ್ಲವೂ ಇಲಿಯ ಹಲ್ಲು. ಹಗಲಲ್ಲಿ ಪೈಪು ಕಡಿದಿದ್ದರೆ ಅಳಿಲೂ ಇರಬಹುದು, ಬೇಸಿಗೆಯಲ್ಲಿ ನೀರಿಗಾಗಿ ಹೀಗೆ ಮಾಡುತ್ತವೆ. ಪೈಪಿನ ಪಕ್ಕ ಅಲ್ಲಲ್ಲಿ ಚಿಪ್ಪಿನಲ್ಲಿ ನೀರಿಟ್ಟರೆ ಕಡಿತ ಕಮ್ಮಿಯಾಗುತ್ತದೆ. ಖರ್ಚೂ ಇಲ್ಲ. ತೆಂಗಿಗೆ ಆಳೆತ್ತರಕ್ಕಿಂತ ಮೇಲೆ, ಸುಮಾರು 40 ಸೆಂಟಿಮೀಟರ್ ಅಗಲದ ತಗಡು ಸುತ್ತಿ. ನುಣುಪು ತಗಡಿನ ಮೇಲೆ ಇಲಿ ಹತ್ತಲಾರದು. ಪಕ್ಕದ ಮರದ ಗರಿ ತಾಗುತ್ತಿದ್ದರೆ ತಗಡು ವ್ಯರ್ಥ, ಅದನ್ನೂ ನೋಡಿಕೊಳ್ಳಿ.

ಕಡಲೆಕಾಯಿ ಹೊಲವನ್ನು ಉತ್ತ ಹಾಗೆ ಕಿತ್ತು ಹಾಕಿದ್ದರೆ ಕಾಡುಹಂದಿ. ಗೆಡ್ಡೆ ಅಗೆದು ತಿಂದು ಉದ್ದ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ. ಆ ಸಿಟ್ಟನ್ನು ಪಾಪದ ಮುಳ್ಳಿಲಿ ಮೇಲೆ ತೀರಿಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಲಿ ದಿನೇ ದಿನೇ ಜಾಸ್ತಿ ಆಗುತ್ತಿದೆ

ಇದೇ ಮುಖ್ಯ, ಇಲ್ಲಿ ಸ್ವಲ್ಪ ನಿಂತು ನೋಡೋಣ.

ಮೊದಲು ತಿಂಗಳು ಯಾವುದು ನೋಡಿ. ರಾಗಿ, ಅವರೆ ಕೊಯ್ಲು ಮುಗಿದ ಮೇಲೆ ಹೊಲ ಬರಿದಾಗುತ್ತದೆ. ಅಲ್ಲಿದ್ದ ಇಲಿಯೆಲ್ಲ ಬಣವೆ, ಕಣಜ, ಕೋಳಿ ಗೂಡಿನ ಕಡೆ ತಿರುಗುತ್ತವೆ. ಆ ಹೊತ್ತಿನಲ್ಲೇ ನೀವು ಮುಳ್ಳಿಲಿ ಗೂಡು ಇಟ್ಟಿದ್ದರೆ ಅದರಿಂದಲೇ ಬಂತು ಅನ್ನಿಸುವುದು ಸಹಜ. ಪಕ್ಕದ ಮನೆಯಲ್ಲಿ ಕೇಳಿ. ಗೂಡೇ ಇಲ್ಲದ ಅಲ್ಲೂ ಜಾಸ್ತಿ ಆಗಿದ್ದರೆ ಗೂಡಿನ ತಪ್ಪಿಲ್ಲ ಅಂತಾಯಿತು.

ಆಮೇಲೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿ. ಹಗಲು ಕಾಣದ್ದು ಆಗ ಕಾಣುತ್ತದೆ. ಕೋಳಿಗೆ ಹಾಕಿ ಉಳಿದ ನುಚ್ಚು. ನಾಯಿ ತಟ್ಟೆಯಲ್ಲಿ ಮೆತ್ತಿದ ಅನ್ನ. ಹಸುವಿನ ಬಾನಿಯ ಅಂಚಿನಲ್ಲಿ ಬೂಸಾ. ಮಾವಿನ ಮರದ ಕೆಳಗೆ ಬಿದ್ದು ಕೊಳೆತ ಹಣ್ಣು. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಮಾವಿನ ಕಾಲದಲ್ಲಿ ಇದೇ ದೊಡ್ಡ ಹಬ್ಬದೂಟ. ಗೊಬ್ಬರದ ಗುಂಡಿಗೆ ಸುರಿದ ಸಾರು ಅನ್ನ. ಒಂದು ಮನೆಯಲ್ಲಿ ನೋಡಿದೆ, ಕೋಳಿ ಗೂಡಿನ ಜಾಲರಿ ಕೆಳಗೆ ನೆಲ ಸವೆದು ನುಣ್ಣಗಾಗಿತ್ತು, ಇಲಿ ಅಷ್ಟು ಸಲ ಓಡಾಡಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮುಳ್ಳಿಲಿ ಗೂಡು. ಮನೆಯವರು ಬೈಯುತ್ತಿದ್ದದ್ದು ಗೂಡನ್ನು. ಸಂಜೆ ಆರಕ್ಕೆ ಕೋಳಿ ತಟ್ಟೆ ಎತ್ತಿ ಒಳಗಿಡಿ ಅಂದೆ. ಆ ಮನೆಯ ಅಜ್ಜಿ ಮೊದಲು ಒಪ್ಪಲಿಲ್ಲ. "ಕೋಳಿ ಬೆಳಗಾ ಮುಂಚೆ ಹಸೀತಾವೆ ಕಣಪ್ಪಾ" ಅಂದರು. ಕತ್ತಲಲ್ಲಿ ಕೋಳಿ ಮೇಯುವುದಿಲ್ಲ ಅಲ್ವಾ ಅಜ್ಜೀ, ಬೆಳಗ್ಗೆ ಬೇಗ ಹಾಕಿ ಅಂದ ಮೇಲೆ ಒಪ್ಪಿದರು. ಮುಂದಿನ ಸಲ ಹೋದಾಗ ಆ ಸವೆದ ದಾರಿಯಲ್ಲಿ ಗರಿಕೆ ಚಿಗುರಿತ್ತು.

ಹಾಗಾಗಿ ಮೊದಲ ಮದ್ದು: ಸಂಜೆಯಾದರೆ ಎಲ್ಲ ತಟ್ಟೆ ಎತ್ತಿ, ಕಾಳನ್ನು ಮುಚ್ಚಳ ಇರುವ ತಗಡಿನ ಡ್ರಮ್ಮಿಗೆ ಹಾಕಿ, ಬಿದ್ದ ಹಣ್ಣು ಆಯ್ದು ಹೂಳಿ, ಬೇಯಿಸಿದ್ದು ಯಾವುದನ್ನೂ ಗೊಬ್ಬರದ ಗುಂಡಿಗೆ ಬಿಟ್ಟ ಬಾಯಲ್ಲಿ ಹಾಕಬೇಡಿ. ಪ್ಲಾಸ್ಟಿಕ್ ಡ್ರಮ್ಮನ್ನು ಇಲಿ ಕಡಿಯುತ್ತದೆ. ಎರಡು ವಾರ ಬಿಡದೆ ಮಾಡಿ. ಒಂದು ದಿನ ಮರೆತರೂ ಇಲಿ ಕಾದು ಕೂರುತ್ತದೆ.

ಈಗ ಮುಳ್ಳಿಲಿಗೆಂದು ಇಡುವ ತಿಂಡಿಯ ವಿಚಾರ. ಇಂಗ್ಲೆಂಡಿನಲ್ಲಿ ಮನೆ ಹಿತ್ತಲಿನ ಮುಳ್ಳಿಲಿಗೆ ಬೆಕ್ಕಿನ ಊಟ ಇಡುವ ರೂಢಿ ಇದೆ. ಅಲ್ಲಿಯ ಜಾತಿ ಬೇರೆ. ಅದು ಚಳಿಗಾಲ ಪೂರ್ತಿ ಮಲಗುತ್ತದೆ, ಅದಕ್ಕೆ ಮೊದಲು ಕೊಬ್ಬು ಕೂಡಿಸಿಕೊಳ್ಳಬೇಕು. ನಮ್ಮ ಬದುವಿನ ಮುಳ್ಳಿಲಿಗೆ ಆ ಕಷ್ಟ ಇಲ್ಲ, ಗೆದ್ದಲು, ದುಂಬಿ ಸಾಕಷ್ಟಿವೆ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು ಇಡಿ, ದಿನಾ ತೊಳೆದು ಬದಲಿಸಿ. ಅಷ್ಟೇ ಸಾಕು. ಹಾಲು, ಬ್ರೆಡ್ಡು, ಅನ್ನ, ಬಿಸ್ಕತ್ತು ಯಾವುದೂ ಬೇಡ. ಹಾಲು ಅದಕ್ಕೆ ಅರಗುವುದಿಲ್ಲ, ಭೇದಿ ಹಿಡಿದು ಸಾಯಬಹುದು. ಉಳಿದದ್ದೆಲ್ಲ ಇಲಿಗೆ ಹೋಗುತ್ತದೆ. ಹುಳ ಉಳಿಯಲಿ ಅನ್ನುವುದಿದ್ದರೆ ಬದುವಿನ ಅಂಚಿಗೆ ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿ.

ಗೂಡಿನೊಳಗೇ ಇಲಿ ಸೇರಿಕೊಂಡಿದೆ

ಹೊರಗಿನಿಂದ ಟಾರ್ಚ್ ಹಾಯಿಸಿ. ಒಣ ಎಲೆ, ಹುಲ್ಲು ಮಾತ್ರ ಇದ್ದರೆ ಮುಳ್ಳಿಲಿಯೇ ಇರಬಹುದು, ಮುಟ್ಟಬೇಡಿ. ಚೂರು ಮಾಡಿದ ಬಟ್ಟೆ, ಪ್ಲಾಸ್ಟಿಕ್, ಗೊಬ್ಬರ ಚೀಲದ ನೂಲು, ಕಡಲೆಕಾಯಿ ಸಿಪ್ಪೆ, ಕೂಡಿಟ್ಟ ಕಾಳು ಕಂಡರೆ ಇಲಿ ಮನೆ ಮಾಡಿದೆ.

ಬಾಯಿ ಸಣ್ಣದು ಮಾಡಿದರೆ ಇಲಿ ಬರಲ್ಲ ಅಂತ ಹಲವರು ಸಲಹೆ ಕೊಡುತ್ತಾರೆ. ಕೆಲಸಕ್ಕೆ ಬರುವುದಿಲ್ಲ. ಹೆಬ್ಬೆರಳು ಹೋಗುವಷ್ಟು ಸಂದಿಯಲ್ಲಿ ಇಲಿ ನುಸುಳುತ್ತದೆ, ಮುಳ್ಳಿಲಿ ಹೋಗುವ ಬಾಯಿಯಲ್ಲಿ ಇಲಿ ಹೋಗದೆ ಇರುತ್ತದೆಯೇ? ಗೂಡಿನ ಬಾಯಿ 10ರಿಂದ 12 ಸೆಂಟಿಮೀಟರ್ ಇರಲಿ. ನಾಯಿ ಮೂತಿ ಹಾಕದ ಹಾಗೆ ಒಳಗೆ ಒಂದು ಅಡ್ಡ ಕಲ್ಲು ಇಡಿ. ಗೂಡನ್ನು ಕೋಳಿ ಗೂಡು, ಬಣವೆ, ಕಣಜದಿಂದ ಆದಷ್ಟು ದೂರ, ಬದುವಿನ ಮೇಲೆ ಮಾಡಿ. ನಮ್ಮ ಕಡೆ ಒಡೆದ ಚಪ್ಪಡಿ ಕಲ್ಲಿಗೇನು ಬರವಿಲ್ಲ. ಮೂರು ಕಲ್ಲು ನಿಲ್ಲಿಸಿ ಒಂದು ಮುಚ್ಚಿ, ಮೇಲೆ ಮಣ್ಣು, ಮುಂದೆ ಒಣ ಎಲೆ ರಾಶಿ. ಒಳಗೆ ಊಟ ಇಡದಿದ್ದರೆ, ಹತ್ತಿರದಲ್ಲಿ ಕಾಳು ಸಿಗದಿದ್ದರೆ ಅಲ್ಲಿ ಸಂಸಾರ ಹೂಡಲು ಇಲಿಗೆ ಕಾರಣವೇ ಇಲ್ಲ.

ಒಳಗೆ ಇಲಿ ಮಾತ್ರ ಇದೆ ಅಂತ ಹೆಜ್ಜೆ ಗುರುತಿನಿಂದ ಖಾತ್ರಿಯಾದ ಮೇಲೆ ಸಂಜೆ ಹೊತ್ತು, ಹಾರೆಯಿಂದ ಮೇಲಿನ ಕಲ್ಲು ಸರಿಸಿ. ಓಡಿ ಹೋಗಲು ಬಿಡಿ. ಹಳೆಯ ಹುಲ್ಲು ಚಿಂದಿ ಎಲ್ಲ ತೆಗೆದು ಸುಟ್ಟು, ಕಲ್ಲಿಗೆ ಕುದಿನೀರು ಹೊಯ್ದು ಬಿಸಿಲಿಗೆ ಒಣಗಿಸಿ, ಹತ್ತಿಪ್ಪತ್ತು ಗಜ ದೂರದಲ್ಲಿ ಮತ್ತೆ ಕಟ್ಟಿ. ಕಲ್ಲು ಸರಿಸಿದಾಗ ಮುಳ್ಳಿಲಿ ಮರಿ ಕಂಡರೆ ತಕ್ಷಣ ಮೊದಲಿದ್ದ ಹಾಗೇ ಮುಚ್ಚಿ ಹಿಂದೆ ಸರಿಯಿರಿ. ಒಂದೋ ಎರಡೋ ಮರಿ ಹಾಕುವ ಪ್ರಾಣಿ ಅದು. ಇಲಿಯ ಹಾಗೆ ಹತ್ತು ಹನ್ನೆರಡು ಹಾಕಿ ತುಂಬಿಕೊಳ್ಳುವುದಿಲ್ಲ, ಒಂದು ಸೂಲು ಕೆಟ್ಟರೆ ದೊಡ್ಡ ನಷ್ಟ.

ಅಂಗಳದಲ್ಲಿ ಹೊಸ ಬಿಲ, ಬಾಯಲ್ಲಿ ಹಸಿ ಮಣ್ಣಿನ ರಾಶಿ

ಇದು ಹೊಲದ ಹೆಗ್ಗಣದ ಗುರುತು. ಅದು ಒಳಗಿನಿಂದ ಮಣ್ಣು ತಳ್ಳಿ ಬಾಯಿ ಮುಚ್ಚಿಕೊಳ್ಳುವುದೂ ಉಂಟು. ಮುಳ್ಳಿಲಿ ಬಿಲ ಸಾಮಾನ್ಯವಾಗಿ ಪೊದೆಯ ಅಥವಾ ಕಲ್ಲಿನ ಬುಡದಲ್ಲಿ, ಒಂದೇ ಬಾಯಿ, ಮುಂದೆ ಅಷ್ಟು ದೊಡ್ಡ ರಾಶಿ ಇರುವುದಿಲ್ಲ.

ಯಾವ ಬಿಲದಲ್ಲಿ ಜೀವ ಇದೆ ಅಂತ ತಿಳಿಯಲು ರೈತರು ಸಂಜೆ ಎಲ್ಲ ಬಿಲ ಮಣ್ಣಿಂದ ಮುಚ್ಚಿ, ಬೆಳಗ್ಗೆ ಯಾವುದು ತೆರೆದಿದೆ ಅಂತ ಎಣಿಸುತ್ತಾರೆ. ಒಳ್ಳೆ ಪದ್ಧತಿ. ಆದರೆ ಮುಳ್ಳಿಲಿ ಇರುವ ತೋಟದಲ್ಲಿ ಗಟ್ಟಿ ಮಣ್ಣು ತುಳಿದು ಮುಚ್ಚಬೇಡಿ. ಒಂದು ಹಿಡಿ ಒಣ ಎಲೆ ಸಡಿಲವಾಗಿ ತುರುಕಿ, ಅಷ್ಟೇ ಸಾಕು. ಎಲೆ ಹೊರಗೆ ಬಿದ್ದಿದ್ದರೆ ಯಾರೋ ಇದ್ದಾರೆ, ಮುಂದೆ ಮಣ್ಣು ಹರಡಿ ಹೆಜ್ಜೆ ನೋಡಿ.

ಇಲಿಯೇ ಅಂತ ಗೊತ್ತಾದರೆ ಬಿಲ ತೋಡಿ ಹಿಡಿಯುವುದು ವಿಷಕ್ಕಿಂತ ಎಷ್ಟೋ ವಾಸಿ. ಇದರಲ್ಲಿ ಇರುಳ ಬುಡಕಟ್ಟಿನವರನ್ನು ಮೀರಿಸಿದವರಿಲ್ಲ. ಬಿಲದ ಬಾಯಿ ನೋಡಿಯೇ ಒಳಗೆ ಇಲಿಯೋ, ಹಾವೋ, ಖಾಲಿಯೋ ಹೇಳುತ್ತಾರೆ, ಇಲಿ ಕೂಡಿಟ್ಟ ಕಾಳನ್ನೂ ತೆಗೆದು ಕೊಡುತ್ತಾರೆ. ಕರೆದು ಕೂಲಿ ಸರಿಯಾಗಿ ಕೊಟ್ಟು ಮಾಡಿಸಿ, ಮುಳ್ಳಿಲಿ ಕಂಡರೆ ಬಿಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಕೇರೆಹಾವು, ಗೂಬೆ ತೋಟದಲ್ಲಿದ್ದರೆ ಓಡಿಸಬೇಡಿ. ರಾತ್ರಿ ಗೂಬೆ ಕೂರಲು ಹೊಲದಲ್ಲಿ ಅಡ್ಡಪಟ್ಟಿ ಇರುವ ಗೂಟ ನೆಡುವುದು ಕಡಿಮೆ ಖರ್ಚಿನ ಕೆಲಸ.

ಬೋನು ಇಡಬೇಕಾಗಿದೆ

ಮೇಲಿನದ್ದೆಲ್ಲ ಮಾಡಿಯೂ ಇಲಿ ಇಳಿಯದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ತಂತಿಯ ಇಲಿಬೋನು ಎಲ್ಲಕ್ಕಿಂತ ಒಳ್ಳೆಯದು, ತಪ್ಪಿ ಮುಳ್ಳಿಲಿ ಬಿದ್ದರೂ ಜೀವ ಉಳಿಯುತ್ತದೆ. ಬೋಂಡ, ಒಣಮೀನು ಇಟ್ಟರೆ ಮುಳ್ಳಿಲಿಯೂ ಮೂಸಿಕೊಂಡು ಬರುತ್ತದೆ. ಕೊಬ್ಬರಿ ಚೂರು, ಹುರಿದ ಕಡಲೆಬೀಜ ಇಡಿ. ಬೋನನ್ನು ಅಟ್ಟದ ಮೇಲೆ, ಗೋಡೆ ಮೇಲೆ, ಕೋಳಿ ಗೂಡಿನ ಮಾಡಿನ ಮೇಲೆ ಇಡಿ. ಇಲಿ ಅಲ್ಲಿಗೆ ಹತ್ತುತ್ತದೆ, ಮುಳ್ಳಿಲಿ ಹತ್ತುವುದಿಲ್ಲ. ಬೆಳಕು ಹರಿಯುವ ಮೊದಲೇ ನೋಡಿ, ಬಿಸಿಲಿಗೆ ಬಿಟ್ಟರೆ ಒಳಗಿದ್ದದ್ದು ಬೆಂದು ಹೋಗುತ್ತದೆ. ಮುಳ್ಳಿಲಿ ಬಿದ್ದಿದ್ದರೆ ಅಲ್ಲೇ, ಅದೇ ಬದುವಿನಲ್ಲಿ ಬಿಡಿ. ಎಲ್ಲಿಗೋ ಒಯ್ದು ಬಿಟ್ಟರೆ ದಾರಿ ತಿಳಿಯದೆ ಸಾಯುತ್ತದೆ.

ಕುತ್ತಿಗೆಗೆ ಬಡಿಯುವ ಕತ್ತರಿ ಬೋನು, ಬಿದಿರಿನ ತಂಜಾವೂರು ಬಿಲ್ಲಿನ ಬೋನು ನೆಲದ ಮೇಲೆ ಇಡಲೇಬೇಡಿ. ಅಂಟಿನ ಹಲಗೆಯನ್ನು ಎಲ್ಲೂ ಇಡಬೇಡಿ. ಅದಕ್ಕೆ ಸಿಕ್ಕಿದ್ದು ಇಲಿಯೇ ಆಗಲಿ ಹಲ್ಲಿಯೇ ಆಗಲಿ ನರಳಿ ನರಳಿ ಸಾಯುತ್ತದೆ, ಯಾವ ಜೀವಕ್ಕೂ ಆ ಸಾವು ಬೇಡ.

ಕಣಜ, ಕೋಳಿ ಗೂಡಿಗೆ ಕಾಲಿಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ, ಅಂಚನ್ನು ಒಂದಡಿ ಮಣ್ಣಿನೊಳಗೆ ಹೂಳಿ. ಆರು ಮೂಲೆ ಕಣ್ಣಿನ ಸಾದಾ ಕೋಳಿ ಜಾಲರಿಯಲ್ಲಿ ಇಲಿಮರಿ ನುಸುಳುತ್ತದೆ.

ವಿಷದ ವಿಚಾರಕ್ಕೆ ಬಂದರೆ ನನ್ನ ಮಾತು ಒಂದೇ: ಮುಳ್ಳಿಲಿ ಇರುವ ಜಾಗದಲ್ಲಿ ಬೇಡ. ಜಿಂಕ್ ಫಾಸ್ಫೈಡ್ ಅಂದರೆ ಆ ಕಪ್ಪು ಪುಡಿ, ಹೊಟ್ಟೆಯಲ್ಲಿ ವಿಷಗಾಳಿಯಾಗುತ್ತದೆ, ಮನುಷ್ಯರು ತಿಂದರೂ ಅದಕ್ಕೆ ಪ್ರತಿಮದ್ದು ಇಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದನ್ನು ಗೂಬೆ, ಕೇರೆಹಾವು, ಬೆಕ್ಕು ತಿಂದರೆ ಅವಕ್ಕೂ ವಿಷ. ಬಿಲ್ಲೆ ಮೆಲ್ಲುವ ಹುಳವನ್ನು ತಿಂದ ಮುಳ್ಳಿಲಿಗೂ ಅಷ್ಟೇ. ಹಳದಿ ರಂಜಕದ ಇಲಿ ಪೇಸ್ಟ್ ಮನುಷ್ಯರ ಪಿತ್ತಜನಕಾಂಗವನ್ನೇ ಕೊಲ್ಲುತ್ತದೆ. ಮನೆಯಲ್ಲಿ ಹಳೇ ಟ್ಯೂಬು ಇದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಮಾಡಿ. ಯಾರಾದರೂ ತಿಂದಿದ್ದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಮೊದಲ ದಿನ ಚೆನ್ನಾಗೇ ಇರುತ್ತಾರೆ, ಆಮೇಲೆ ಕೈ ಮೀರುತ್ತದೆ. ಟ್ಯೂಬಿನ ಸಮೇತ ಆಸ್ಪತ್ರೆಗೆ ಓಡಿ. ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆ ಹತ್ತಿರದ ಬಿಲಕ್ಕೆ ಹಾಕಿದರೆ ಆ ಗಾಳಿ ಸಂದಿಯಲ್ಲಿ ನುಗ್ಗಿ ಮನೆಯೊಳಗೆ ಬರಬಹುದು.

ಗೂಡು ಖಾಲಿ, ಮುಳ್ಳಿಲಿ ಬರುತ್ತಲೇ ಇಲ್ಲ

ಅವಸರ ಬೇಡ. ಬೇಸಿಗೆಯಲ್ಲಿ ಅದು ಕಾಣುವುದೇ ಅಪರೂಪ, ಮಳೆ ಬಿದ್ದು ಗೆದ್ದಲು ಏಳುವಾಗ ಓಡಾಟ ಜಾಸ್ತಿ. ಗೂಡಿನೊಳಗೆ ಕೈಚೀಲದಷ್ಟು ಹುಲ್ಲು ಹಾಕಿ ಒದ್ದೆಯಾಗುತ್ತಿದೆಯಾ ನೋಡಿ. ನಮಗೆ ಜೂನ್‌ನಿಂದಲೂ ಮಳೆ, ಅಕ್ಟೋಬರ್ ಆದ ಮೇಲೆ ಹಿಂಗಾರೂ ಬರುತ್ತದೆ, ತಗ್ಗಿನಲ್ಲಿ ಕಟ್ಟಿದ ಗೂಡು ನೆನೆಯುವುದೇ ಸೈ. ಕೆಂಜಿಗ ಸಾಲು ಇದ್ದರೆ ಜಾಗ ಬದಲಿಸಿ. ಬೀದಿ ನಾಯಿ ಬರುವ ದಾರಿ ಆಗಿದ್ದರೂ ಅಷ್ಟೇ. ತೋಟದ ಸುತ್ತ ನೆಲಕ್ಕೆ ತಾಗುವ ಕಾಂಕ್ರೀಟ್ ಗೋಡೆ ಇದ್ದರೆ ಅದು ಒಳಗೆ ಬರುವುದಾದರೂ ಹೇಗೆ? ಬುಡದಲ್ಲಿ ಒಂದೆರಡು ತೂತು ಬಿಡಿ.

ಇತ್ತು, ಈಗ ಇಲ್ಲ ಅನ್ನುವುದಾದರೆ ಊರಲ್ಲಿ ವಿಚಾರಿಸಿ. ಮಕ್ಕಳ ನಾಯಿಕೆಮ್ಮಿಗೆ ಇದರ ಮುಳ್ಳು ಸುಟ್ಟು ಜೇನಿನಲ್ಲಿ ತಿನ್ನಿಸುವ ನಂಬಿಕೆ ತಮಿಳುನಾಡಿನ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ಕೆಮ್ಮು ಹೋಗುವುದಿಲ್ಲ. ನಾಯಿಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಲಸಿಕೆ ಇದೆ, ಮಗುವಿಗೆ 6, 10 ಮತ್ತು 14ನೇ ವಾರಕ್ಕೆ, ಆಮೇಲೆ ಬೂಸ್ಟರ್. ಅದನ್ನು ಅಕ್ಕತಂಗಿಯರಿಗೆ, ಅಜ್ಜಿಯರಿಗೆ ಸಮಾಧಾನದಿಂದ ಹೇಳಿ. ಜಗಳ ಆಡಿದರೆ ಯಾರೂ ಕೇಳುವುದಿಲ್ಲ.

ಕೃಷಿ ಹೊಂಡ ಇದ್ದರೆ ಅದನ್ನೂ ನೋಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ನೀರು ಕುಡಿಯಲು ಇಳಿದ ಮುಳ್ಳಿಲಿ ಜಾರಿ ಬಿದ್ದರೆ ಹತ್ತಿ ಬರಲಾರದು. ಹೊಲಿದ ಗೋಣಿಚೀಲ ಇಲ್ಲವೇ ದಪ್ಪ ತೆಂಗಿನ ನಾರಿನ ಹಗ್ಗವನ್ನು ದಂಡೆಯಿಂದ ನೀರಿನವರೆಗೆ ಇಳಿಬಿಡಿ, ನಾಲ್ಕೂ ಕಡೆ. ಡ್ರಿಪ್ ವಾಲ್ವಿನ ಗುಂಡಿಗೆ ಕಲ್ಲು ಮುಚ್ಚಿ. ಭೋಗಿ ದಿನ ಸುಡಲು ಹಳೇ ಚಾಪೆ, ಕಸ, ಎಲೆ ಗುಡ್ಡೆ ಹಾಕುತ್ತೇವಲ್ಲ, ವಾರ ಮೊದಲೇ ಹಾಕಿಟ್ಟರೆ ಅದರಡಿ ಮುಳ್ಳಿಲಿ ಸೇರಿಕೊಳ್ಳುತ್ತದೆ. ಬೆಂಕಿ ಕೊಡುವ ಹೊತ್ತಿಗೆ ಗುಡ್ಡೆಯನ್ನು ಪಕ್ಕದ ಜಾಗಕ್ಕೆ ಎತ್ತಿ ಹಾಕಿ, ಆಮೇಲೆ ಹಚ್ಚಿ.

ಹಗಲಲ್ಲಿ ಮುಳ್ಳಿಲಿ ಓಡಾಡುತ್ತಿದೆ, ಅಥವಾ ಬಿದ್ದಿದೆ

ಚುರುಕಾಗಿ ನಡೆದು ಪೊದೆ ಸೇರಿದರೆ ಯಾರೋ ಗೂಡು ಕೆಡಿಸಿರಬೇಕು, ನಾಯಿ ಕಟ್ಟಿ ಹಾಕಿ, ಅದರ ಪಾಡಿಗೆ ಬಿಡಿ. ಬಿಸಿಲಲ್ಲೇ ಮಲಗಿದೆ, ಓಲಾಡುತ್ತಿದೆ, ಮುಟ್ಟಿದರೂ ಉಂಡೆಯಾಗುತ್ತಿಲ್ಲ, ಮೈಮೇಲೆ ನೊಣ ಮುತ್ತಿದೆ, ಮೂಗಿನಲ್ಲೋ ಗುದದಲ್ಲೋ ರಕ್ತ ಇದೆ ಅಂದರೆ ಕಾಯಬೇಡಿ. ರಕ್ತ ಕಂಡರೆ ಬಿಲ್ಲೆಯ ವಿಷ ಇರಬಹುದು. ಬೇಗ ಸಿಕ್ಕರೆ ವಿಟಮಿನ್ ಕೆ1 ಚುಚ್ಚುಮದ್ದಿನಿಂದ ಉಳಿಸಬಹುದು, ಅದನ್ನು ಪಶುವೈದ್ಯರೇ ಕೊಡಬೇಕು.

ದಪ್ಪ ಟವೆಲಿನಿಂದ ಮೆಲ್ಲಗೆ ಎತ್ತಿ, ಎತ್ತರದ ಅಂಚಿರುವ ರಟ್ಟಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಕತ್ತಲು ಮತ್ತು ನಿಶ್ಶಬ್ದ ಇರುವ ಕಡೆ ಇಡಿ. ಮೈ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಗೆ ಇಡಿ, ಬೇಕಾದರೆ ಅದೇ ಹತ್ತಿರ ಹೋಗುತ್ತದೆ. ತಟ್ಟೆಯಲ್ಲಿ ನೀರು. ಬಾಯಿಗೆ ಹನಿಸಬೇಡಿ, ಶ್ವಾಸಕ್ಕೆ ಹೋದರೆ ಸಾಯುತ್ತದೆ. ಮೈಮೇಲಿನ ಉಣ್ಣಿ ಕೀಳಲು ಎಣ್ಣೆ, ಸೀಮೆಎಣ್ಣೆ ಹಾಕಬೇಡಿ. ಮುಳ್ಳಿಲಿ ಕಚ್ಚಿದರೆ ಸೋಪಿನಿಂದ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿ.

ಆಮೇಲೆ ಹತ್ತಿರದ ಅರಣ್ಯ ಇಲಾಖೆಯ ರೇಂಜ್ ಕಚೇರಿಗೆ ಫೋನ್ ಮಾಡಿ. ಹೊಸೂರು ಅರಣ್ಯ ವಿಭಾಗದಲ್ಲಿ ದೆಂಕಣಿಕೋಟೆ, ಜವಳಗಿರಿ, ಅಂಚೆಟ್ಟಿ, ರಾಯಕೋಟೆಯಲ್ಲೆಲ್ಲ ರೇಂಜ್ ಇದೆ. ಮಡಕಶಿರಾ, ಹಿಂದೂಪುರ ಕಡೆಯವರಿಗೆ ಆಂಧ್ರದ ಅರಣ್ಯ ಇಲಾಖೆ. ಮುದ್ದಾಗಿದೆ ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ. ಫೋನ್ ಮಾಡುವಾಗ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ಸುತ್ತ ಯಾರಾದರೂ ಇಲಿ ಪಾಷಾಣ ಇಟ್ಟಿದ್ದರಾ ಅನ್ನುವುದನ್ನು ಹೇಳಿ. ಪಾಷಾಣದ ಪೊಟ್ಟಣ ಸಿಕ್ಕಿದ್ದರೆ ಫೋಟೋ ತೆಗೆದುಕೊಂಡಿರಿ, ವೈದ್ಯರು ಮೊದಲು ಕೇಳುವುದೇ ಅದನ್ನು.